ಜೇನುಹುಳಕ್ಕೆ ಪಜಲ್ ಕೊಟ್ಟ ಮಕ್ಕಳು

ನಮ್ಮ ಲ್ಯಾಬ್‌ಗಳಲ್ಲಿ ಏನಾಗುತ್ತೆ ಅಂತ ನಿಮಗೂ ಗೊತ್ತು. ಸೀನಿಯರ್ ಕೊಟ್ಟ ರೆಕಾರ್ಡ್ ಪಕ್ಕದಲ್ಲೇ ಇರುತ್ತೆ. ಉತ್ತರ ಮೊದಲೇ ಗೊತ್ತು, ರೀಡಿಂಗ್ಸ್ ಅದಕ್ಕೆ ತಕ್ಕ ಹಾಗೆ 'ಬರುತ್ತವೆ'. ನಾನೂ ಹೀಗೆ ಮಾಡಿದವನೇ. ಅದಕ್ಕೇ ಈ ರಿಸರ್ಚ್ ಪೇಪರ್ ಓದಿದಾಗ ಸ್ವಲ್ಪ ನಾಚಿಕೆ ಆಯ್ತು. ಅದನ್ನು ಮಾಡಿದವರು 8ರಿಂದ 10 ವರ್ಷದ 25 ಮಕ್ಕಳು!

ಇಂಗ್ಲೆಂಡಿನ ಡೆವನ್‌ನಲ್ಲಿ ಬ್ಲಾಕಾಟನ್ ಅನ್ನೋ ಹಳ್ಳಿ ಇದೆ. ಅಲ್ಲಿನ ಪ್ರೈಮರಿ ಶಾಲೆಯ ಮಕ್ಕಳಿಗೆ ಬೋ ಲಾಟ್ಟೊ ಎಂಬ ನರವಿಜ್ಞಾನಿ ಜೊತೆಯಾದರು. ಮಕ್ಕಳು ಕೇಳಿದ ಪ್ರಶ್ನೆ ಸರಳ: ಹುಳಗಳು ನಮ್ಮ ಹಾಗೆ ಪಜಲ್ ಬಿಡಿಸುತ್ತವಾ? ಪ್ರಯೋಗಕ್ಕೆ ಆರಿಸಿದ್ದು ಬಂಬಲ್‌ಬೀ, ಅಂದ್ರೆ ನಮ್ಮ ತುಡುವೆ, ಹೆಜ್ಜೇನುಗಳ ದಪ್ಪ ಮೈಯ ನೆಂಟ. ಲ್ಯಾಬ್ ಆಗಿದ್ದು ಊರಿನ ಚರ್ಚ್. ಹುಳಗಳನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ, ಗುರುತಿಗೆ ಬಣ್ಣದ ಚುಕ್ಕೆ ಇಟ್ಟರು.

ಈಗ ಪಜಲ್ ನೋಡಿ. ಒಂದು ಪೆಟ್ಟಿಗೆಯಲ್ಲಿ ನಾಲ್ಕು ಪ್ಯಾನೆಲ್, ಪ್ರತಿಯೊಂದರಲ್ಲೂ 4×4 ಬಣ್ಣದ ವೃತ್ತಗಳು. ಎರಡು ಪ್ಯಾನೆಲ್‌ಗಳಲ್ಲಿ ಸುತ್ತಲಿನ 12 ಹಳದಿ, ನಡುವಿನ 4 ನೀಲಿ. ಉಳಿದ ಎರಡರಲ್ಲಿ ಉಲ್ಟಾ. ನಡುವಿನ ನಾಲ್ಕರಲ್ಲಿ ಸಕ್ಕರೆ ನೀರು, ಸುತ್ತಲಿನವುಗಳಲ್ಲಿ ಉಪ್ಪು ನೀರು. ಪ್ಯಾನೆಲ್‌ಗಳ ಜಾಗ ಆಗಾಗ ಬದಲಾಗುತ್ತೆ. ಹಾಗಾಗಿ 'ನೀಲಿಗೆ ಹೋಗು' ಅಂತ ಬಾಯಿಪಾಠ ಮಾಡಿದ್ರೆ ಸಾಲದು, 'ಎಡಗಡೆ ಮೂಲೆಗೆ ಹೋಗು' ಅಂದ್ರೂ ಸಾಲದು. ಸುತ್ತ ಹಳದಿ ಇದ್ರೆ ನೀಲಿ, ಸುತ್ತ ನೀಲಿ ಇದ್ರೆ ಹಳದಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಇಫ್-ಎಲ್ಸ್!

ಕಲಿತ ಮೇಲೆ ಸಕ್ಕರೆ ತೆಗೆದು ಪರೀಕ್ಷೆ ಮಾಡಿದರು. ಇಲ್ಲದಿದ್ರೆ ವಾಸನೆ ಹಿಡಿದು ಹೋದವು ಅಂತ ಯಾರಾದರೂ ಹೇಳಬಹುದಲ್ಲ. ಆದ್ರೂ ನೂರಕ್ಕೆ ಸುಮಾರು 90 ಸಲ ಹುಳಗಳು ನಡುವಿಗೇ ಹೋದವು.

ಇಲ್ಲಿಗೆ ನಿಲ್ಲಿಸಿದ್ರೆ ಚೆಂದದ ರಿಸಲ್ಟ್. ಆದರೆ ಮಕ್ಕಳಿಗೆ ಒಂದು ಡೌಟು: ಇವು ಬರೀ 'ನಡುವಿಗೆ ಹೋಗು' ಅಂತ ಕಲಿತಿದ್ರೆ? ನಡುವಿನ ನಾಲ್ಕನ್ನು ಹಸಿರು ಮಾಡಿ ನೋಡಿದರು. ಈ ಸಲ ಹುಳಗಳು ಹೆಚ್ಚಾಗಿ ಸುತ್ತಲಿನ ಹಳೇ ಬಣ್ಣಗಳಿಗೇ ಹೋದವು. ಅಂದ್ರೆ ಅವು ಜಾಗ, ಬಣ್ಣ ಎರಡನ್ನೂ ಸೇರಿಸಿ ನೆನಪಿಟ್ಟಿದ್ದವು. ಅಷ್ಟೇ ಅಲ್ಲ, ಎಲ್ಲಾ ಹುಳಗಳೂ ಒಂದೇ ಥರ ಪಜಲ್ ಬಿಡಿಸಲಿಲ್ಲ. ಕೆಲವಕ್ಕೆ ನೀಲಿ ಇಷ್ಟ, ಕೆಲವಕ್ಕೆ ಹಳದಿ. ಮಕ್ಕಳು ಸರಾಸರಿಯಲ್ಲಿ ಇದನ್ನು ಮುಚ್ಚಿಡದೆ, ಒಂದೊಂದು ಹುಳದ ಲೆಕ್ಕವನ್ನೂ ಬೇರೆ ಬೇರೆಯಾಗಿ ಕೊಟ್ಟರು.

2010ರ ಕೊನೆಯಲ್ಲಿ ಇದು ರಾಯಲ್ ಸೊಸೈಟಿಯ 'ಬಯಾಲಜಿ ಲೆಟರ್ಸ್' ಜರ್ನಲ್‌ನಲ್ಲಿ ಪ್ರಕಟವಾಯ್ತು. ಚಿತ್ರಗಳನ್ನು ಮಕ್ಕಳೇ ಬಣ್ಣದ ಪೆನ್ಸಿಲ್‌ನಲ್ಲಿ ಬರೆದಿದ್ದಾರೆ. ಶುರುವಾಗೋದೇ ಅಜ್ಜಿ ಕಥೆಯ ಥರ, 'ಒಂದಾನೊಂದು ಕಾಲದಲ್ಲಿ' ಅಂತ. ಪರೀಕ್ಷೆ ಮಾಡಿದ್ದು ಐದೇ ಹುಳಗಳನ್ನು, ದೊಡ್ಡ ಸ್ಟ್ಯಾಟಿಸ್ಟಿಕ್ಸ್ ಇಲ್ಲ, ಇದು ಮಿತಿ ಅನ್ನೋದೂ ನಿಜ. ಆದ್ರೆ ಪ್ರಶ್ನೆ ಅವರದ್ದೇ, ಉತ್ತರ ಮೊದಲೇ ಯಾರಿಗೂ ಗೊತ್ತಿರಲಿಲ್ಲ.

ಜೇನುಹುಳದ ಮಿದುಳು ಒಂದು ಘನ ಮಿಲಿಮೀಟರ್‌ನಷ್ಟು, ಅದರಲ್ಲಿ ಹತ್ತಿರ ಹತ್ತಿರ ಹತ್ತು ಲಕ್ಷ ನರಕೋಶಗಳು. ಇಷ್ಟರಲ್ಲೇ ಅದು ಕಲಿಯುತ್ತೆ, ತಪ್ಪು ಮಾಡುತ್ತೆ, ತಿದ್ದಿಕೊಳ್ಳುತ್ತೆ. ನಾನು ಮಾತ್ರ ತಪ್ಪು ಬಂದ ರೀಡಿಂಗ್ ಅಳಿಸಿ ಬರೀತಾ ಇದ್ದೆ. ಮುಂದಿನ ಲ್ಯಾಬ್‌ನಲ್ಲಿ ಬಂದಿದ್ದನ್ನೇ ಬರೀತೀನಿ. ವೈವಾದಲ್ಲಿ ಬೈಸಿಕೊಂಡ್ರೆ, ಯಾಕೆ ಹಾಗೆ ಬಂತು ಅನ್ನೋ ಪ್ರಶ್ನೆಯಾದ್ರೂ ನನ್ನದೇ ಆಗಿರುತ್ತೆ.