ಪಕ್ಕದ ಮನೆಗೆ ಕೇಳಿಸದ ಗಿಟಾರು

ಮುಂಬಯಿಯಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಗೋಡೆಯೆಂಬುದು ಕಣ್ಣಿಗೆ ಮಾತ್ರ, ಕಿವಿಗಲ್ಲ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕುಳಿತರೆ ಮೇಲಿನವರ ಕುಕ್ಕರು ಎಷ್ಟು ಸಲ ಕೂಗಿತು, ಎದುರುಮನೆಯ ಹುಡುಗ ಎಷ್ಟರ ಮಗ್ಗಿಯಲ್ಲಿ ತಪ್ಪಿದ ಎಂಬುದನ್ನು ಎದ್ದು ನೋಡದೆಯೇ ಹೇಳಬಹುದು. ಅವರೂ ನಮ್ಮ ಸಮಾಚಾರವನ್ನು ಹಾಗೆಯೇ ಬಲ್ಲರು. ಇಂಥ ಕಡೆ ಒಬ್ಬ ಸರಕಾರಿ ಗುಮಾಸ್ತ ಎಲೆಕ್ಟ್ರಿಕ್ ಗಿಟಾರು ನುಡಿಸಬೇಕೆಂದು ಆಸೆಪಟ್ಟರೆ ಏನಾದೀತು? ನನಗೆ ಆದದ್ದನ್ನು ಹೇಳುತ್ತೇನೆ. ವಾದ್ಯದ ಹುಚ್ಚಿರುವ ಓದುಗರಿಗೂ, ಅಂಥ ಹುಚ್ಚಿನ ಮಕ್ಕಳಿರುವ ತಂದೆತಾಯಿಗಳಿಗೂ ಉಪಯೋಗವಾದೀತು.

ಈ ಹುಚ್ಚು ನನಗೆ ಹತ್ತಿದ್ದು ಧಾರವಾಡದಲ್ಲಿ ಬಿ. ಎ. ಓದುತ್ತಿದ್ದಾಗ. ಓಣಿ ಓಣಿಯಲ್ಲಿ ತಂಬೂರಿ, ತಬಲ ಕೇಳಿಸುವ ಆ ಊರಿನಲ್ಲಿ ನಾನು ಕೈಗೆತ್ತಿಕೊಂಡದ್ದು ಗಿಟಾರು! ನೌಕರಿ ಸಿಕ್ಕಿ ಇಲ್ಲಿಗೆ ಬಂದಾಗ ಅದೂ ನನ್ನ ಹಿಂದೆಯೇ ಬಂತು. ಅದರ ಜೊತೆಗೆ ಯಾರೋ ಮಾರಿದ ಹಳೆಯ ಆಂಪ್ಲಿಫಯರ್ ಪೆಟ್ಟಿಗೆಯೊಂದು. ಸಣ್ಣಗೆ ಇಟ್ಟರೆ ಕೀರಲು, ದೊಡ್ಡದು ಮಾಡಿದರೆ ಅಬ್ಬರ. ನಡುವೆ ಎರಡನೆಯ ಮಾತಿಲ್ಲ. ಒಂದು ರಾತ್ರಿ ಕೆಳಮನೆಯ ನಿವೃತ್ತ ಮಾಸ್ತರರು ಮೆಟ್ಟಿಲು ಹತ್ತಿ ಬಂದು, ಬಹು ಮರ್ಯಾದೆಯಿಂದ, ತಮ್ಮ ಹೆಂಡತಿಗೆ ಮೈ ಸರಿಯಿಲ್ಲವೆಂದೂ, ನಾಲ್ಕು ದಿನದಿಂದ ನಿದ್ದೆ ಹತ್ತಿಲ್ಲವೆಂದೂ ಹೇಳಿದರು. ಬೈದಿದ್ದರೆ ನಾನೂ ಎರಡು ಮಾತಾಡುತ್ತಿದ್ದೆನೇನೋ. ಕೈ ಮುಗಿದು ಹೇಳಿದವರಿಗೆ ಏನು ಉತ್ತರ ಕೊಡುವುದು?

ನ್ಯಾಯವೂ ಅವರ ಪಕ್ಷದಲ್ಲಿಯೇ ಇತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿ; ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರರವರೆಗೆ. ನಿಯಮದ ಅನ್ನ ತಿನ್ನುವ ಗುಮಾಸ್ತನೇ ನಿಯಮ ಮುರಿದರೆ ಹೇಗೆ? ಗಿಟಾರು ಕಪಾಟಿನ ಮೇಲೇರಿತು. ಎರಡು ವರ್ಷ ಅದರ ಮೇಲೆ ಧೂಳು ಕೂತಿತು.

ಗಿಟಾರಿಗೆ ಈ ಪೆಟ್ಟಿಗೆಯ ಹಂಗೇಕೆ ಎಂದು ಕೇಳುವವರುಂಟು. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಿ ಏಳು ಮಾಡಿದ್ದು 1920ರ ದಶಕದಲ್ಲಿ. ಆಗ ಕಚೇರಿಗಳಲ್ಲಿ ಮೈಕು ಇರಲಿಲ್ಲ. ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನವನ್ನು ನೋಡಿದವರಿಗೆ ಈ ಕಥೆ ಗೊತ್ತೇ ಇರುತ್ತದೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ವಾದ್ಯವೃಂದಗಳಲ್ಲಿ ಗಿಟಾರಿನವರಿಗೂ ಇದೇ ಸಂಕಟ ಬಂದಿತ್ತು. ಕಹಳೆಗಳ ಮುಂದೆ ತಂತಿಯ ಧ್ವನಿ ಮುಳುಗಿಹೋಗುತ್ತಿತ್ತು. ಅವರು ತಂತಿ ಹೆಚ್ಚಿಸುವ ಬದಲು ವಿದ್ಯುತ್ತಿಗೆ ಮೊರೆಹೋದರು. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಬಳಿ ತಾಮ್ರದ ಸುರುಳಿ. ತಂತಿ ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. 1932ರಲ್ಲಿ ರಿಕನ್‌ಬ್ಯಾಕರ್ ಕಂಪೆನಿಯವರು ಅಂಥದೊಂದು ಗಿಟಾರನ್ನು ಮಾರಾಟಕ್ಕೆ ತಂದರು. ಅದರ ಆಕಾರ ನೋಡಿ ಜನ ‘ಬಾಣಲೆ’ ಎಂದೇ ಕರೆದರು.

ಆ ಕಾಲದ ಆಂಪ್ಲಿಫಯರುಗಳಲ್ಲಿ ಇದ್ದದ್ದು ನಮ್ಮ ಅಜ್ಜಂದಿರ ರೇಡಿಯೋದಲ್ಲಿದ್ದಂಥ ವಾಲ್ವುಗಳು. ಅವುಗಳಲ್ಲೊಂದು ವಿಚಿತ್ರ. ಶಕ್ತಿಯ ಎಲ್ಲೆಗೆ ದೂಡಿದಾಗ ವಾಲ್ವು ಧ್ವನಿಯನ್ನು ಕೊಂಚ ಒಡೆಯುತ್ತದೆ, ಮತ್ತು ಆ ಒಡೆದ ಧ್ವನಿಯೇ ಕಿವಿಗೆ ಹಿತ! ಫೆಂಡರ್, ವಾಕ್ಸ್, ಮಾರ್ಷಲ್ ಎಂಬ ಪೆಟ್ಟಿಗೆಗಳ ಹೆಸರು ಲೋಕದಲ್ಲೆಲ್ಲ ಹಬ್ಬಿದ್ದು ಬಹಳ ಮಟ್ಟಿಗೆ ಇದರಿಂದ. ಆದರೆ ಆ ಹಿತ ಬೇಕಾದರೆ ಪೆಟ್ಟಿಗೆಯನ್ನು ಗಟ್ಟಿಯಾಗಿ ಕೂಗಿಸಲೇಬೇಕು. ಮೈದಾನದಲ್ಲಿ ಸರಿ, ಡೊಂಬಿವಲಿಯಲ್ಲಿ ಹೇಗೆ?

ಇದಕ್ಕೆ ಪರಿಹಾರವಾಗಿ ಬಂದದ್ದೇ ಡಿಜಿಟಲ್ ಮಾಡೆಲಿಂಗ್ ಆಂಪ್ಲಿಫಯರು. ಅಮೆರಿಕದ ಲೈನ್ 6 ಕಂಪೆನಿಯವರು 1996ರಲ್ಲಿ ಇಂಥದನ್ನು ಹೊರತಂದರು. ಇದರ ಮರ್ಮವಿಷ್ಟೆ: ಗಿಟಾರಿನಿಂದ ಬಂದ ವಿದ್ಯುತ್ತನ್ನು ಪೆಟ್ಟಿಗೆಯು ಅಂಕಿಗಳನ್ನಾಗಿ ಬರೆದುಕೊಳ್ಳುತ್ತದೆ, ಇಂಥ ವಾಲ್ವು, ಇಂಥ ಸ್ಪೀಕರು ಇದ್ದಿದ್ದರೆ ಈ ಅಂಕಿಗಳು ಹೇಗೆ ಬದಲಾಗುತ್ತಿದ್ದವೆಂದು ಒಳಗಿನ ಗಣಕಯಂತ್ರ ಕ್ಷಣಮಾತ್ರದಲ್ಲಿ ಲೆಕ್ಕ ಹಾಕುತ್ತದೆ, ಫಲವನ್ನು ಮತ್ತೆ ಧ್ವನಿಯಾಗಿಸಿ ಹೊರಬಿಡುತ್ತದೆ. ಮಾರ್ಷಲಿನ ಆರ್ಭಟವನ್ನು ಪಿಸುಮಾತಿನಲ್ಲಿ ಕೇಳಬಹುದು. ಒಬ್ಬನೇ ನಟ ಹತ್ತು ವೇಷ ಹಾಕಿ ರಂಗಕ್ಕೆ ಬಂದಂತೆ.

ಕಳೆದ ವರ್ಷ ತುಟ್ಟಿಭತ್ಯದ ಬಾಕಿ ಕೈಗೆ ಬಂತು. ಮನೆಯಾಕೆಯ ಮುಂದೆ ನನ್ನ ಮನವಿಯನ್ನು ಮಂಡಿಸಿದೆ. “ಮಾಸ್ತರರು ಮತ್ತೆ ಮೇಲೆ ಬರದಿದ್ದರೆ ಸರಿ” ಎಂಬ ಷರತ್ತಿನ ಮೇಲೆ ಮಂಜೂರಾತಿ ದೊರೆಯಿತು. ಒಂದು ಶನಿವಾರ ಧೋಬಿ ತಲಾವಿಗೆ ಹೋದೆ. 1865ರಿಂದ ವಾದ್ಯಗಳನ್ನು ಮಾರುತ್ತ ಬಂದಿರುವ ಫುರ್ಟಾಡೋಸ್ ಇರುವ ಬೀದಿ ಅದು. ಒಂದು ತಾಸು ಕುಳಿತು ಮೂರು ನಾಲ್ಕು ಪೆಟ್ಟಿಗೆಗಳನ್ನು ನುಡಿಸಿ ನೋಡಿ, ಕೊನೆಗೆ ಬಾಸ್ ಕಟಾನಾ 50 ಎಂಬುದನ್ನು ಆರಿಸಿದೆ. ಜಪಾನಿನ ರೋಲ್ಯಾಂಡ್ ಕಂಪೆನಿಯವರು ಈ ಮಾಲೆಯನ್ನು ಹೊರತಂದದ್ದು 2016ರಲ್ಲಿ. ಕಟಾನಾ ಎಂದರೆ ಜಪಾನೀಯರ ಖಡ್ಗವಂತೆ. ಸುಮಾರು ಹನ್ನೆರಡು ಕಿಲೋ ತೂಕದ ಆ ಖಡ್ಗವನ್ನು ಎದೆಗವಚಿಕೊಂಡು ಲೋಕಲ್ ಗಾಡಿಯ ಸಾಮಾನಿನ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ ನಿಂತು, ಮನೆ ತಲುಪಿಸಿದೆ.

ನನ್ನ ಪೆಟ್ಟಿಗೆಯಲ್ಲಿ ಐದು ಮೂಲಸ್ವಭಾವಗಳಿವೆ: ಅಕೂಸ್ಟಿಕ್, ಕ್ಲೀನ್, ಕ್ರಂಚ್, ಲೀಡ್, ಬ್ರೌನ್. ಸಾದಾ ಗಿಟಾರಿನ ಧ್ವನಿಯಿಂದ ಹಿಡಿದು ಹುಲಿಯ ಗರ್ಜನೆಯವರೆಗೆ. ನನಗೆ ಅವುಗಳಿಗಿಂತ ಹೆಚ್ಚು ಮೆಚ್ಚಿಗೆಯಾದದ್ದು ಶಕ್ತಿಯನ್ನು ಇಳಿಸುವ ಗುಂಡಿ. 50 ವಾಟ್, 25 ವಾಟ್, ಅರ್ಧ ವಾಟ್ ಎಂದು ಅದಕ್ಕೆ ಮೂರು ಮೆಟ್ಟಿಲು. ಐವತ್ತನ್ನು ಇಪ್ಪತ್ತೈದು ಮಾಡಿದರೆ ಸದ್ದು ಅರ್ಧವಾಗುತ್ತದೆಂದು ಎಣಿಸಬೇಡಿ. ಇಳಿಯುವುದು ಮೂರೇ ಡೆಸಿಬೆಲ್. ಕಿವಿಗೆ ಅದು ಅಷ್ಟಾಗಿ ತಿಳಿಯದು. ಸದ್ದು ಅರ್ಧವಾಯಿತೆಂದು ಕಿವಿಗೆ ತೋರಬೇಕಾದರೆ ಹತ್ತು ಡೆಸಿಬೆಲ್ ಇಳಿಯಬೇಕು, ಅಂದರೆ ಶಕ್ತಿ ಹತ್ತರಲ್ಲೊಂದು ಪಾಲಾಗಬೇಕು. ಐವತ್ತಕ್ಕೂ ಅರ್ಧಕ್ಕೂ ಇರುವುದು ನೂರುಪಟ್ಟು ವ್ಯತ್ಯಾಸ. ಕಿವಿಗೆ ಅದು ಸುಮಾರು ಕಾಲುಭಾಗ. ಅಂತೂ ಅರ್ಧ ವಾಟ್ ಕೂಡ ಸಣ್ಣದಲ್ಲ. ಧ್ವನಿಯ ಗುಂಡಿಯನ್ನೂ ತಗ್ಗಿಸಿಯೇ ಇಡಬೇಕು.

ಇನ್ನು ಹೆಡ್‌ಫೋನು. ಅದನ್ನು ಸಿಕ್ಕಿಸಿದೊಡನೆ ಪೆಟ್ಟಿಗೆ ಬಾಯಿ ಮುಚ್ಚುತ್ತದೆ, ಸಂಗೀತವೆಲ್ಲ ನಮ್ಮ ಕಿವಿಗಷ್ಟೆ. ಊಟ ಮುಗಿದು ಎಲ್ಲರೂ ಮಲಗಿದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಕುಳಿತು ನಾನು ನುಡಿಸಿದ್ದೇ ನುಡಿಸಿದ್ದು! ಮೊಬೈಲಿನಿಂದ ತಂಬೂರಿಯ ಶ್ರುತಿಯನ್ನೋ ತಬಲದ ಠೇಕೆಯನ್ನೋ ಪೆಟ್ಟಿಗೆಗೆ ಕೊಟ್ಟರೆ ಅದೂ ಜೊತೆಗೆ ಕೇಳಿಸುತ್ತದೆ. ಎರಡು ತಿಂಗಳಲ್ಲಿ ಎರಡು ವರ್ಷದ ಧೂಳು ಹಾರಿಹೋಯಿತು. ಮಾಸ್ತರರು ಮೆಟ್ಟಿಲಲ್ಲಿ ಸಿಕ್ಕಾಗ ನಕ್ಕು ಮುಂದೆ ಹೋಗುವರು.

ಈ ಸಂತೋಷದಲ್ಲಿಯೇ ಸಂಘದ ರಾಜ್ಯೋತ್ಸವಕ್ಕೆ ಭಾವಗೀತೆಗಳ ತಂಡಕ್ಕೆ ಹೆಸರು ಕೊಟ್ಟೆ. ಹಾರ್ಮೋನಿಯಂ, ತಬಲ, ಹಾಡಲು ಇಬ್ಬರು ಸೋದರಿಯರು, ನಾನು. 1980ರಲ್ಲಿ ಇದೇ ಮುಂಬಯಿಯ ಜಾಝ್ ಉತ್ಸವದಲ್ಲಿ ನಮ್ಮ ಕದ್ರಿ ಗೋಪಾಲನಾಥರು ಅಮೆರಿಕದ ಜಾನ್ ಹ್ಯಾಂಡಿಯವರ ಜೊತೆ ಸ್ಯಾಕ್ಸೊಫೋನ್ ನುಡಿಸಿದ್ದು ನೆನಪಿಗೆ ಬಂತು. ಅವರು ಎಲ್ಲಿ, ನಾನು ಎಲ್ಲಿ! ಆದರೂ ಪರದೇಶದ ವಾದ್ಯ ನಮ್ಮದಾಗಬಲ್ಲದು ಎಂಬ ಧೈರ್ಯ ಅದರಿಂದ ಬಂತು.

ಮೊದಲನೆಯ ತಾಲೀಮಿನಲ್ಲಿಯೇ ಆ ಧೈರ್ಯ ಇಳಿಯಿತು. ಹೆಡ್‌ಫೋನಿನಲ್ಲಿ ಗಂಧರ್ವಲೋಕದಂತಿದ್ದ ಧ್ವನಿ ಸಭಾಗೃಹದಲ್ಲಿ ಮಂಕು ಗುಂಯ್‌ಗುಡುವಿಕೆಯಾಯಿತು. ತಬಲ ಬಾಯಿ ಬಿಟ್ಟೊಡನೆ ಗಿಟಾರು ಮಾಯ. ನಾನು ಧ್ವನಿ ಏರಿಸಿದೆ. ಹಾಡುವವರು ಕಿವಿ ಮುಚ್ಚಿಕೊಂಡರು. ಇಳಿಸಿದೆ, ನಾನಿದ್ದೇನೆಂಬುದೇ ಯಾರಿಗೂ ತಿಳಿಯಲಿಲ್ಲ. ತಬಲದವರು ಸ್ಪಷ್ಟವಾಗಿಯೇ ಅಂದರು: “ನೀವು ನಮ್ಮನ್ನು ಕೇಳುತ್ತಲೇ ಇಲ್ಲ.”

ಪೆಟ್ಟಿಗೆ ಹೊತ್ತು ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದೆ. ಬಾಗಿಲು ತೆರೆದ ಅವ್ವ ಏನಾಯಿತೆಂದು ಕೇಳಿದಳು. ತಂದೆಯವರು ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ ಹಾಕಿ ಅವಳನ್ನು ಇಲ್ಲಿಗೆ ಕರೆತಂದಿದ್ದೇನೆ. ನಡೆದದ್ದನ್ನು ಹೇಳಿದೆ. ಅವಳು ಕೊಂಚ ಹೊತ್ತು ಸುಮ್ಮನಿದ್ದು, “ನೀ ಏನ್ ಬಾರಸ್ತೀಯೋ ನನಗೂ ತಿಳೀವಲ್ದು. ದಿನಾ ರಾತ್ರಿ ಬರೇ ಟಕ್ ಟಕ್ ಕೇಳಸ್ತದ, ಅಡಕೀ ಕತ್ತರಿಸಿಧಂಗ” ಎಂದಳು.

ನಾನು ಬೆಚ್ಚಿದೆ. ನನ್ನ ಗಂಧರ್ವಗಾನದಲ್ಲಿ ಮನೆಯವರ ಪಾಲಿಗೆ ಬಂದದ್ದು ಒಣ ತಂತಿಯ ಟಕ್ ಟಕ್ ಮಾತ್ರ! ಎರಡು ತಿಂಗಳು ಅವ್ವ ಕತ್ತಲೆಯಲ್ಲಿ ಎಚ್ಚರವಾಗಿ ಮಲಗಿ ಅದನ್ನೇ ಕೇಳಿದ್ದಳು. “ಹೇಳಬಾರದಾಗಿತ್ತೇ?” ಎಂದರೆ, “ನಿನಗ ಖುಷಿ ಆಗಿತ್ತಲ್ಲ” ಎಂದಳು.

ಮರುದಿನದಿಂದ ಕ್ರಮ ಬದಲಾಯಿತು. ಕಚೇರಿಯಿಂದ ಬಂದು, ಏಳೂವರೆಯಿಂದ ಎಂಟೂವರೆಯವರೆಗೆ, ಹೆಡ್‌ಫೋನಿಲ್ಲದೆ, ಅರ್ಧ ವಾಟಿನಲ್ಲಿ ಅಭ್ಯಾಸ. ಮಾಸ್ತರರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆದೆ. ನೆಲದ ಮೇಲಿದ್ದ ಪೆಟ್ಟಿಗೆಯನ್ನು ದಪ್ಪ ಜಮಖಾನೆ ಹಾಸಿದ ಸ್ಟೂಲಿನ ಮೇಲಿಟ್ಟೆ. ಕೆಳಮನೆಗೆ ಇಳಿಯುವ ಗುಂಯ್‌ಕಾರ ಕಡಿಮೆಯಾಯಿತು, ನನ್ನ ಕಾಲಿಗೆ ತಾಗುತ್ತಿದ್ದ ಧ್ವನಿ ಕಿವಿಗೆ ಬಂತು. ಆಗ ತಿಳಿಯಿತು ನನ್ನ ತಪ್ಪು. ಸಣ್ಣ ಧ್ವನಿಯಲ್ಲಿ ಮಂದ್ರಸ್ವರ ನಮ್ಮ ಕಿವಿಗೆ ಕಡಿಮೆ ಕೇಳಿಸುತ್ತದೆ. ಅದಕ್ಕಾಗಿ ನಾನು ಮಂದ್ರವನ್ನು ಏರಿಸಿದ್ದೆ, ಇಂಪಿಗೆಂದು ತಾರವನ್ನೂ ಏರಿಸಿದ್ದೆ, ನಡುವಿನದನ್ನು ತೆಗೆದೇ ಬಿಟ್ಟಿದ್ದೆ, ಮೇಲೆ ಗುಮ್ಮಟದಂಥ ಪ್ರತಿಧ್ವನಿಯನ್ನು ಬಳಿದಿದ್ದೆ. ಒಬ್ಬನೇ ಕೇಳುವಾಗ ಅದು ಚೆಂದ. ಆದರೆ ನಾಲ್ಕು ಜನರ ನಡುವೆ ಗಿಟಾರು ತನ್ನ ಜಾಗ ಹಿಡಿಯುವುದು ಆ ನಡುವಿನ ಸ್ವರಗಳಿಂದಲೇ. ನಡುವಿನದನ್ನು ಏರಿಸಿ, ಮಂದ್ರವನ್ನು ಇಳಿಸಿ, ಪ್ರತಿಧ್ವನಿಯನ್ನು ಮುಕ್ಕಾಲು ಪಾಲು ತೆಗೆದೆ. ಎರಡನೆಯ ತಾಲೀಮಿಗೆ ಪೆಟ್ಟಿಗೆಯ ಧ್ವನಿ ಮೊದಲಿಗಿಂತ ಸಣ್ಣದಾಗಿಯೇ ಇತ್ತು, ಗಿಟಾರು ಮಾತ್ರ ಎಲ್ಲರಿಗೂ ಕೇಳಿಸಿತು. ತಬಲದವರು ಏನೂ ಅನ್ನಲಿಲ್ಲ, ತಲೆಯಾಡಿಸಿದರು.

ಕೊಳ್ಳಬೇಕೆನ್ನುವವರಿಗೆ ನನ್ನ ಅನುಭವದ ನಾಲ್ಕು ಮಾತು. ಎಷ್ಟು ಬಗೆಯ ಧ್ವನಿಗಳಿವೆ ಎಂದು ಎಣಿಸುತ್ತ ಕೂರಬೇಡಿ. ಅತಿ ಸಣ್ಣದಾಗಿ ಇಟ್ಟಾಗ ಧ್ವನಿ ಹೇಗಿದೆಯೆಂದು ಅಂಗಡಿಯಲ್ಲಿಯೇ ಕೇಳಿ ನೋಡಿ. ನಿಮ್ಮ ಸ್ವಂತ ಗಿಟಾರನ್ನು ಜೊತೆಗೆ ಒಯ್ಯಿರಿ. ಮಕ್ಕಳ ಹೆಡ್‌ಫೋನಿನ ಮೇಲೆ ಕಣ್ಣಿಡಿ. ವಾರಕ್ಕೆ 40 ಗಂಟೆ ಕೇಳುವ ಮಕ್ಕಳು 75 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊನೆಯದಾಗಿ, ದಿನಕ್ಕೆ ಅರ್ಧ ತಾಸಾದರೂ ಮನೆಯವರಿಗೆ ಕೇಳಿಸುವಂತೆ ನುಡಿಸಿ.

ಈ ಕೊನೆಯ ಮಾತಿಗೆ ಕಾರಣವುಂಟು. ಊರಿನಲ್ಲಿ ಬೀಸುವಾಗ, ತೊಟ್ಟಿಲು ತೂಗುವಾಗ ಹಾಡುತ್ತಿದ್ದ ಅವ್ವ ಮುಂಬಯಿಗೆ ಬಂದ ಮೇಲೆ ಒಂದು ಸೊಲ್ಲೂ ಹಾಡಿರಲಿಲ್ಲ. ತಂದೆಯವರ ದುಃಖವೆಂದೇ ನಾವು ತಿಳಿದಿದ್ದೆವು. ಒಂದು ಸಂಜೆ ನಾನು ನುಡಿಸುತ್ತಿದ್ದಾಗ ಮಗಳು ಅಜ್ಜಿಯನ್ನು ಕಾಡಿದಳು. “ಬ್ಯಾಡವಾ, ಗ್ವಾಡಿ ಆಚಿ ಮಂದಿಗೆ ಕೇಳಸ್ತದ” ಎಂದಳು ಅವ್ವ. ನನ್ನನ್ನು ಎರಡು ವರ್ಷ ಸುಮ್ಮನಾಗಿಸಿದ ಅದೇ ಗೋಡೆ ಅವಳನ್ನೂ ಸುಮ್ಮನಾಗಿಸಿತ್ತು. ನನಗಾದರೆ ಒಂದು ಪೆಟ್ಟಿಗೆ ಸಿಕ್ಕಿತು. ಅವಳಿಗೆ ಯಾರೂ ಏನೂ ತಂದುಕೊಟ್ಟಿರಲಿಲ್ಲ.

ಎಂಟೂವರೆಯವರೆಗೆ ಮಾಸ್ತರರ ಅಪ್ಪಣೆಯಿದೆಯೆಂದು ಹೇಳಿ ಒಪ್ಪಿಸಿದೆವು. ಅವಳ ಶ್ರುತಿಗೆ ತಂತಿ ಹೊಂದಿಸಿಕೊಂಡು, ಕ್ಲೀನ್ ಧ್ವನಿಯಲ್ಲಿ, ಎರಡೇ ಸ್ವರ ಹಿಡಿದು ನಿಂತೆ. ಅವಳು ಬೀಸುವ ಪದವೊಂದನ್ನು ಎತ್ತಿಕೊಂಡಳು. ಒಂದು ನುಡಿ ಮುಗಿಸಿ, ನಿಲ್ಲಿಸಿ, ಪೆಟ್ಟಿಗೆಯತ್ತ ಕೈ ತೋರಿಸಿದಳು:

“ಅದನ್ನ ಇನ್ನಷ್ಟ ಸಣ್ಣ ಮಾಡೋ. ನನ್ನ ದನಿ ನನಗ ಕೇಳವಲ್ದು.”

ತಿರುಗಿಸಿದೆ. ಅರ್ಧ ವಾಟಿನ ಖಡ್ಗ ಅಂದಿನಿಂದ ಆ ಗುರುತಿನಲ್ಲಿಯೇ ಇದೆ.