ಲಸಿಕೆಯ ನಂತರ ಭುಜದ ನೋವು: ಪರಿಹಾರ ಕೇಳುವುದು ಎಲ್ಲಿ, ಹೇಗೆ?

ಲಸಿಕೆ ಹಾಕಿಸಿಕೊಂಡ ತೋಳು ಎರಡು ಮೂರು ದಿನ ನೋಯುವುದು ಸಹಜ. ಆದರೆ ನೋವು ವಾರಗಟ್ಟಲೆ ಉಳಿದು, ಕೈ ಮೇಲೆತ್ತಲು ಆಗದಿದ್ದರೆ ಅದನ್ನು ಕಡೆಗಣಿಸಬಾರದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಿಗಾಗಲಿ, ರಾಣೇಬೆನ್ನೂರಿನ ಹಮಾಲರಿಗಾಗಲಿ ಭುಜ ಹಿಡಿದುಕೊಂಡರೆ ಅಂದಿನ ಕೂಲಿಯೇ ಇಲ್ಲ.

ಇಂತಹ ತೊಂದರೆಗೆ ಸಾಮಾನ್ಯವಾಗಿ ಲಸಿಕೆಯ ಔಷಧಿಯಲ್ಲಿ ದೋಷವಿರುವುದಿಲ್ಲ. ಸೂಜಿ ಚುಚ್ಚಿದ ಜಾಗ ತಪ್ಪಿರುತ್ತದೆ. ತೋಳಿನ ಸ್ನಾಯುವಿಗೆ ಹೋಗಬೇಕಾದ ಮದ್ದು ತೀರಾ ಮೇಲೆ, ಭುಜದ ಕೀಲಿನ ಬಳಿಗೆ ಹೋದರೆ ಅಲ್ಲಿ ಉರಿಯೂತವಾಗುತ್ತದೆ. ನೋವು ಸಾಮಾನ್ಯವಾಗಿ 48 ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಲಸಿಕೆಗೆ ಹೆದರಬೇಕಾಗಿಲ್ಲ. ಆದರೆ ತಪ್ಪಾಗಿದ್ದರೆ ಕೇಳುವ ಹಕ್ಕು ನಮಗಿದೆ.

ಅಮೆರಿಕದಲ್ಲಿ 1986ರ ಕಾನೂನಿನಂತೆ ಲಸಿಕೆ ಪರಿಹಾರ ಯೋಜನೆಯಿದ್ದು, 2017ರಲ್ಲಿ ಭುಜದ ಗಾಯವೂ ಅದರ ಪಟ್ಟಿಗೆ ಸೇರಿತು. ಅಲ್ಲಿ ಯಾರ ತಪ್ಪೆಂದು ರುಜುವಾತುಪಡಿಸಬೇಕಾಗಿಲ್ಲ. ನಮ್ಮಲ್ಲಿ ದಾರಿ ಬೇರೆ. ಕೋವಿಡ್ ಲಸಿಕೆಯ ಪ್ರಕರಣವೊಂದರಲ್ಲಿ, ನೊಂದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದೆಂದು ಕೇಂದ್ರ ಸರಕಾರವು 2022ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಅಲ್ಲಿ ನಿರ್ಲಕ್ಷ್ಯವನ್ನು ತೋರಿಸಬೇಕಾದವರು ದೂರು ಕೊಟ್ಟವರೇ.

ಎಲ್ಲಿಗೆ ಹೋಗಬೇಕೆಂಬುದು ಲಸಿಕೆ ಎಲ್ಲಿ ಹಾಕಿಸಿಕೊಂಡಿರಿ ಎಂಬುದರ ಮೇಲೆ ನಿಂತಿದೆ. ಹಣ ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಹಾಕಿಸಿಕೊಂಡಿದ್ದರೆ ಹಾವೇರಿಯಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಎಲ್ಲರಿಗೂ ಉಚಿತ ಸೇವೆ ನೀಡುವ ಸರಕಾರಿ ಆಸ್ಪತ್ರೆಗಳು 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಆಗ ಸಿವಿಲ್ ದಾವೆಯೇ ದಾರಿ. ಸರಕಾರದ ಮೇಲೆ ದಾವೆ ಹೂಡುವ ಮುನ್ನ ಸಾಮಾನ್ಯವಾಗಿ ಎರಡು ತಿಂಗಳ ನೋಟೀಸು ಕೊಡಬೇಕು. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ, ಆ ಬಡ ರೋಗಿಯೂ ಗ್ರಾಹಕನೇ. ಧರ್ಮಾರ್ಥ ಸಂಸ್ಥೆಗಳೂ ಇದಕ್ಕೆ ಹೊರತಲ್ಲ ಎಂಬುದನ್ನು ನಾವು ನೆನಪಿಡಬೇಕು.

ಎಲ್ಲಕ್ಕಿಂತ ಮೊದಲು ಬೇಕಾದುದು ದಾಖಲೆ. ಲಸಿಕೆ ಚೀಟಿ, ರಸೀತಿ, ನೋವು ಶುರುವಾದ ದಿನದ ಬರಹ, ಮೂಳೆ ತಜ್ಞರ ಚೀಟಿ, ಸ್ಕ್ಯಾನಿಂಗ್ ವರದಿ, ತಪ್ಪಿಹೋದ ಕೂಲಿಯ ಲೆಕ್ಕ ಇವನ್ನು ಒಂದೆಡೆ ಕೂಡಿಡಿ. ತಡಮಾಡದೆ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಿ, ಲಸಿಕೆಯ ನಂತರದ ತೊಂದರೆಯೆಂದು ದಾಖಲಿಸಲು ಕೇಳಿಕೊಳ್ಳಿ. ನೋವು ಶುರುವಾಗಿ ಆರು ತಿಂಗಳ ಮೇಲೆ ವೈದ್ಯರ ಬಳಿ ಹೋದರೆ ಅದು ಲಸಿಕೆಯಿಂದಲೇ ಬಂತೆಂದು ತೋರಿಸುವುದು ಕಷ್ಟ.

ವಕೀಲರ ಖರ್ಚಿಗೆ ಹಿಂಜರಿಯಬೇಡಿ. 1987ರ ಕಾನೂನಿನಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲ್ಲೂಕು ನ್ಯಾಯಾಲಯದಲ್ಲಿರುವ ಸಮಿತಿಗೆ ಅರ್ಜಿ ಕೊಡಬಹುದು. ಬರೆಯಲು ಬಾರದವರ ಅರ್ಜಿ ಬರೆದುಕೊಟ್ಟು, ಜೊತೆಗೆ ಒಮ್ಮೆ ಕಚೇರಿಯವರೆಗೆ ಹೋಗಿಬರುವುದು ನಮ್ಮ ಕಾರ್ಯಕರ್ತರಿಂದ ಆಗಬಹುದಾದ ಕೆಲಸ.