ಮೈಗೆ ಬೆವರು, ಬೆರಳಿಗೆ ಚಳಿ

ಫಿನ್‌ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಔಲು ಎಂಬ ನಗರವಿದೆ. ಜನವರಿಯಲ್ಲಿ ಅಲ್ಲಿ ಮೈನಸ್ 10 ಡಿಗ್ರಿ ಸೆಲ್ಸಿಯಸ್ ಎಂದರೆ ಮಾಮೂಲಿ ದಿನ. ಮೈನಸ್ 20 ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಅಂಥ ಚಳಿಯಲ್ಲೂ ಬಹಳಷ್ಟು ಜನ ಸೈಕಲ್ ಹತ್ತುತ್ತಾರೆ. ಜನ ಕೆಲಸಕ್ಕೆ ಹೊರಡುವ ಮುಂಚೆಯೇ ಮುಖ್ಯ ಸೈಕಲ್ ದಾರಿಗಳ ಹಿಮವನ್ನು ಬಳಿದು ಹಾಕಿರುತ್ತಾರೆ. ಮೆಟ್ಸೊಕಾಂಗಾಸ್ ಬಡಾವಣೆಯ ಶಾಲೆಯ ಮುಂದೆ ಚಳಿಗಾಲದಲ್ಲೂ ಮಕ್ಕಳ ಸೈಕಲ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ಚಳಿಗಾಲದ ಸೈಕಲ್ ಸವಾರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮಾವೇಶ 2013ರಲ್ಲಿ ಮೊದಲು ಸೇರಿದ್ದೂ ಇಲ್ಲಿಯೇ.

ಇಂಥ ಊರುಗಳ ಸವಾರರನ್ನು ಕಾಡುವ ಒಂದು ವಿಚಿತ್ರವಿದೆ. ಎರಡು ಕಿಲೋಮೀಟರ್ ತುಳಿಯುವಷ್ಟರಲ್ಲಿ ಬೆನ್ನು ಬೆವರುತ್ತದೆ, ಜಾಕೆಟ್‌ನ ಜಿಪ್ ಕೆಳಗಿಳಿಸಬೇಕು ಅನ್ನಿಸುತ್ತದೆ. ಅದೇ ಹೊತ್ತಿಗೆ ಹ್ಯಾಂಡಲ್ ಹಿಡಿದ ಬೆರಳು ನೋಯತೊಡಗಿ, ಆಮೇಲೆ ಮರಗಟ್ಟುತ್ತದೆ. ಒಂದೇ ಮೈಯಲ್ಲಿ ಎರಡು ಹವಾಮಾನ! ಕೈಗವಸು ತೆಳುವಾಯಿತೆಂದು ಇನ್ನೂ ದಪ್ಪನೆಯದನ್ನು ಕೊಳ್ಳುವುದು ಎಲ್ಲರಿಗೂ ಹೊಳೆಯುವ ಪರಿಹಾರ. ಆದರೆ ಕೈಗವಸು ತಾನಾಗಿ ಶಾಖ ಹುಟ್ಟಿಸುವುದಿಲ್ಲ, ಇರುವ ಶಾಖವನ್ನು ಹಿಡಿದಿಡುತ್ತದೆ. ಆ ಶಾಖ ಬೆರಳಿಗೆ ಬರುವುದು ಎಲ್ಲಿಂದ, ನಿಲ್ಲುವುದು ಏಕೆ ಎಂಬುದು ತಿಳಿಯದಿದ್ದರೆ ಎಷ್ಟು ದುಬಾರಿ ಕೈಗವಸು ತಂದರೂ ಪ್ರಯೋಜನವಿಲ್ಲ.

ಬೆರಳು ಮಡಚಿ ಬಿಚ್ಚುವಾಗ ಇನ್ನೊಂದು ಕೈಯಿಂದ ಮುಂಗೈಯನ್ನು, ಅಂದರೆ ಮೊಣಕೈ ಕೆಳಗಿನ ಭಾಗವನ್ನು ಹಿಡಿದು ನೋಡಿ. ಅಲ್ಲಿ ಸ್ನಾಯುಗಳು ಕದಲುವುದು ಗೊತ್ತಾಗುತ್ತದೆ. ಬೆರಳುಗಳನ್ನು ಬಲವಾಗಿ ಎಳೆಯುವ ಸ್ನಾಯುಗಳು ಇರುವುದು ಅಲ್ಲಿ. ಬೆರಳಿನೊಳಗೆ ಮೂಳೆ, ಸ್ನಾಯುರಜ್ಜು, ನರ, ಚರ್ಮ, ಒಂದಿಷ್ಟು ಕೊಬ್ಬು ಅಷ್ಟೆ. ತೊಡೆಯ ಸ್ನಾಯು ಪೆಡಲ್ ತುಳಿಯುತ್ತ ಧಾರಾಳವಾಗಿ ಶಾಖ ಹುಟ್ಟಿಸುತ್ತಿದ್ದರೆ, ಬೆರಳಿಗೆ ಸ್ವಂತ ಸಂಪಾದನೆ ಇಲ್ಲವೇ ಇಲ್ಲ ಅನ್ನಬಹುದು. ಅದು ಬದುಕುವುದು ರಕ್ತ ಹೊತ್ತು ತರುವ ಬಿಸಿಯ ಮೇಲೆ. ಸಾಲದ್ದಕ್ಕೆ ಬೆರಳು ಸಣ್ಣನೆಯ ಉರುಳೆ: ಒಳಗಿನ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಹಾಗಾಗಿ ಬಿಸಿ ಬೇಗ ಸೋರಿಹೋಗುತ್ತದೆ.

ಬೆರಳ ತುದಿಯಲ್ಲೂ ಅಂಗೈಯಲ್ಲೂ ಒಂದು ವಿಶೇಷ ಏರ್ಪಾಡಿದೆ. ಸಾಮಾನ್ಯವಾಗಿ ಅಪಧಮನಿಯ ರಕ್ತ ಕೂದಲೆಳೆಯಂಥ ಲೋಮನಾಳಗಳನ್ನು ಹಾದು ಅಭಿಧಮನಿ ಸೇರುತ್ತದೆ. ಇಲ್ಲಿ ಅದಲ್ಲದೆ ಇವೆರಡನ್ನೂ ನೇರವಾಗಿ ಜೋಡಿಸುವ ಅಡ್ಡದಾರಿಗಳಿವೆ. ಅವು ತೆರೆದಿದ್ದಾಗ ಬಿಸಿರಕ್ತ ಧುಮ್ಮಿಕ್ಕಿ ಹರಿದು ಕೈ ಕೆಂಪಗೆ, ಬೆಚ್ಚಗೆ ಇರುತ್ತದೆ. ಮುಚ್ಚಿದರೆ ಹರಿವು ಹತ್ತಾರು ಪಟ್ಟು ಕುಸಿಯುತ್ತದೆ. ತೆರೆಯುವುದೋ ಮುಚ್ಚುವುದೋ ಎಂದು ತೀರ್ಮಾನಿಸುವುದು ಮೆದುಳಿನ ಹೈಪೊಥಲಾಮಸ್. ಅದಕ್ಕೆ ಹೃದಯ, ಮೆದುಳು, ಯಕೃತ್ತುಗಳನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಕಾಯುವುದೇ ಮುಖ್ಯ. ಕೆರೆಯಲ್ಲಿ ನೀರು ಇಳಿದಾಗ ಕಾಲುವೆಯ ತುದಿಯ ಗದ್ದೆಗಳಿಗೆ ಮೊದಲು ನೀರು ನಿಲ್ಲಿಸುವ ನೀರುಗಂಟಿಯಂತೆ ಅದು ಕೈಕಾಲಿನ ತುದಿಗೆ ಹೋಗುವ ರಕ್ತವನ್ನು ಬಿಗಿಹಿಡಿಯುತ್ತದೆ. ಮೈ ಒಳಗಿನಿಂದ ತಣ್ಣಗಾಗುವವರೆಗೆ ಅದು ಕಾಯುವುದಿಲ್ಲ. ಮುಖ, ಎದೆ, ಕತ್ತಿನ ಚರ್ಮಕ್ಕೆ ಚಳಿ ತಾಗಿದರೂ ಸಾಕು.

ತುಸು ಕರುಣೆಯೂ ಈ ವ್ಯವಸ್ಥೆಯಲ್ಲಿದೆ. 1930ರಲ್ಲಿ ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ ಒಂದು ಸಂಗತಿಯನ್ನು ವರದಿ ಮಾಡಿದರು: ಬೆರಳನ್ನು ಮಂಜುನೀರಿನಲ್ಲಿ ಅದ್ದಿಟ್ಟರೆ ಮೊದಲು ತಣ್ಣಗಾಗುತ್ತದೆ, ಐದು ಹತ್ತು ನಿಮಿಷ ಕಳೆದ ಮೇಲೆ ರಕ್ತನಾಳಗಳು ತಾವಾಗಿ ಸಡಿಲಗೊಂಡು ಬೆರಳು ಒಂದಿಷ್ಟು ಬೆಚ್ಚಗಾಗುತ್ತದೆ, ಮತ್ತೆ ಬಿಗಿಯುತ್ತದೆ, ಮತ್ತೆ ಸಡಿಲುತ್ತದೆ. ಚಳಿನಾಡಿನಲ್ಲಿ ಬರಿಗೈಯಲ್ಲಿ ಮೀನು ಹಿಡಿಯುವವರ ಕೈಯನ್ನು ಕಾಪಾಡುವುದರಲ್ಲಿ ಇದರ ಪಾಲೂ ಇದೆ. ಉಷ್ಣವಲಯದಲ್ಲಿ ಹುಟ್ಟಿ ಬೆಳೆದವರಲ್ಲಿ ಈ ಸ್ಪಂದನೆ ಸಾಮಾನ್ಯವಾಗಿ ದುರ್ಬಲ. ಹಿಮಪ್ರದೇಶಗಳಲ್ಲಿ ಕಾವಲು ನಿಲ್ಲುವ ನಮ್ಮ ಸೈನಿಕರಿಗಾಗಿ ದೆಹಲಿಯ ರಕ್ಷಣಾ ಸಂಶೋಧನಾಲಯ ಡಿಪಾಸ್ ಇದನ್ನು ಅಧ್ಯಯನ ಮಾಡಿದೆ. ಬೆಂಗಳೂರಿನಿಂದ ಟೊರಾಂಟೊಗೋ ಮಿನಿಯಾಪೊಲಿಸ್‌ಗೋ ಹೋಗಿ ನೆಲೆಸಿದವರು, ಅಲ್ಲಿನವರು ಹಾಕುವ ಕೈಗವಸೇ ತಮಗೂ ಸಾಕೆಂದು ನಂಬುವುದು ಬೇಡ.

ಇನ್ನು ಸೈಕಲ್‌ನ ಮಾತು. ನಡೆಯುವವರು ಕೈ ಬೀಸುತ್ತಾರೆ, ಇಲ್ಲವೇ ಜೇಬಿಗೆ ಹಾಕಿಕೊಳ್ಳುತ್ತಾರೆ. ಸೈಕಲ್ ಸವಾರರ ಕೈ ಕದಲದೆ, ಇಡೀ ಮೈಗಿಂತ ಮುಂದೆ, ಗಾಳಿಗೆ ಎದುರಾಗಿ ನಿಂತಿರುತ್ತದೆ. ಗಾಳಿ ಬೀಸದ ದಿನವೂ 20 ಕಿಲೋಮೀಟರ್ ವೇಗದಲ್ಲಿ ಹೋಗುವವರು ಅಷ್ಟೇ ವೇಗದ ಗಾಳಿಯನ್ನು ತಾವೇ ಎಬ್ಬಿಸಿಕೊಳ್ಳುತ್ತಾರೆ. ಚರ್ಮಕ್ಕೆ ಅಂಟಿಕೊಂಡ ಬೆಚ್ಚನೆಯ ಗಾಳಿಯ ತೆಳುಪದರವನ್ನು ಅದು ಕಿತ್ತೊಯ್ಯುತ್ತದೆ. 1940ರ ದಶಕದಲ್ಲಿ ಅಂಟಾರ್ಕ್ಟಿಕಾದಲ್ಲಿದ್ದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್ ಸಣ್ಣ ಪ್ಲಾಸ್ಟಿಕ್ ಉರುಳೆಯಲ್ಲಿ ನೀರು ತುಂಬಿ, ಬೇರೆ ಬೇರೆ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆದು, ಗಾಳಿ ಚಳಿಯನ್ನು ಎಷ್ಟು ಹೆಚ್ಚಿಸುತ್ತದೆ ಎಂಬ ಲೆಕ್ಕಕ್ಕೆ ಅಡಿಪಾಯ ಹಾಕಿದರು. 2001ರಲ್ಲಿ ಅಮೆರಿಕ ಮತ್ತು ಕೆನಡಾ ಪರಿಷ್ಕರಿಸಿದ ಸೂತ್ರದ ಪ್ರಕಾರ ಮೈನಸ್ 20 ಡಿಗ್ರಿಯಲ್ಲಿ 20 ಕಿಲೋಮೀಟರ್ ವೇಗದ ಗಾಳಿ ಬರಿಯ ಚರ್ಮಕ್ಕೆ ಮೈನಸ್ 30ರಂತೆ ತಾಗುತ್ತದೆ. ಸೂತ್ರ ಮುಖದ ಚರ್ಮವನ್ನು ಆಧರಿಸಿದ್ದು, ಕೈಗೆ ಹಾಗೆಯೇ ಅನ್ವಯಿಸುವುದಿಲ್ಲ. ಆದರೂ ಗಾಳಿ ಕದಿಯುವ ಶಾಖದ ಅಂದಾಜು ಸಿಗುತ್ತದೆ.

ಎರಡನೆಯ ಶತ್ರು ನಮ್ಮದೇ ಮುಷ್ಟಿ. ಉಣ್ಣೆಯಾಗಲಿ ಫೋಮ್ ಆಗಲಿ, ಬೆಚ್ಚಗಿಡುವುದು ಅದರೊಳಗೆ ಸಿಕ್ಕಿಕೊಂಡ ನಿಶ್ಚಲ ಗಾಳಿ. ಹ್ಯಾಂಡಲ್ ಬಿಗಿಹಿಡಿದರೆ ಅಂಗೈ ಕಡೆಯ ಪದರ ಅಪ್ಪಚ್ಚಿಯಾಗಿ ಗಾಳಿ ಹೊರಹೋಗುತ್ತದೆ, ಒತ್ತಡಕ್ಕೆ ರಕ್ತದ ಹರಿವೂ ತಗ್ಗುತ್ತದೆ. ಅಲ್ಯುಮಿನಿಯಮ್ ನಿಶ್ಚಲ ಗಾಳಿಗಿಂತ ಸಾವಿರಾರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ, ಬ್ರೇಕ್ ಲಿವರ್ ಮೇಲೆ ಸದಾ ಎರಡು ಬೆರಳಿಟ್ಟವರ ಆ ಬೆರಳುಗಳೇ ಮೊದಲು ಸೋಲುತ್ತವೆ. ಮಂಜುಗಟ್ಟಿದ ದಾರಿಯಲ್ಲಿ ಜಾರುವ ಭಯಕ್ಕೆ ಮುಷ್ಟಿ ತಾನಾಗಿ ಬಿಗಿಯುತ್ತದೆ. ಹೀಗಾಗಿ ಮೊಳೆ ಕೂರಿಸಿದ ಚಳಿಗಾಲದ ಟೈರು ಕೈ ಬೆಚ್ಚಗಿಡುವ ಸಾಧನವೂ ಹೌದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಪ್ಪ ಕೈಗವಸು ಏಕೆ ಸೋಲುತ್ತದೆ? ಸಣ್ಣ ಉರುಳೆಗೆ ಹೊದಿಕೆ ಸುತ್ತಿದಷ್ಟೂ ಅದರ ಹೊರಮೈ ಹಿಗ್ಗುತ್ತ, ಬಿಸಿ ಬಿಟ್ಟುಕೊಡುವ ಜಾಗವೂ ಬೆಳೆಯುತ್ತದೆ. ಒಂದು ಹಂತದ ಮೇಲೆ ಲಾಭ ತೀರಾ ಕಡಿಮೆ, ಬೆರಳಿನ ಚಲನೆಗೆ ಅಡ್ಡಿ ಮಾತ್ರ ಹೆಚ್ಚು. ನಾಲ್ಕೂ ಬೆರಳನ್ನು ಒಟ್ಟಿಗೆ ಸೇರಿಸುವ ಚೀಲದಂಥ ಮಿಟನ್ ಗೆಲ್ಲುವುದು ಇಲ್ಲಿ. ಬ್ರೇಕ್ ಹಿಡಿಯಲೂ ಆಗಬೇಕೆಂದರೆ ಎರಡೆರಡು ಬೆರಳು ಜೋಡಿಸಿದ ಏಡಿಕೊಂಬಿನ ಆಕಾರದ ಕೈಗವಸುಗಳಿವೆ. ಎಲ್ಲಕ್ಕಿಂತ ಒಳ್ಳೆಯದು ಪೋಗಿ. ಅದು ಹ್ಯಾಂಡಲ್‌ಗೇ ಕಟ್ಟಿಬಿಡುವ ದಪ್ಪನೆಯ ಗವುಸು. ಲಿವರ್, ಗೇರ್ ಎಲ್ಲ ಒಳಗೇ ಇರುತ್ತವೆ, ತೆಳು ಕೈಗವಸಿನ ಕೈಯನ್ನು ಅದರೊಳಗೆ ತೂರಿಸಿದರೆ ಆಯಿತು. ಗಾಳಿ ಲೋಹಕ್ಕೂ ತಾಗದು, ಕೈಗೂ ತಾಗದು, ಹೊದಿಕೆಯೂ ಅಪ್ಪಚ್ಚಿಯಾಗದು. ಅಲಾಸ್ಕಾದ ಹಿಮದಲ್ಲಿ ದಿನಗಟ್ಟಲೆ ತುಳಿಯುವವರು ಇದನ್ನೇ ನಂಬುತ್ತಾರೆ. ಚಳಿಗಾಲದ ದೆಹಲಿ, ಪಂಜಾಬ್‌ಗಳಲ್ಲಿ ಬೈಕುಗಳ ಹ್ಯಾಂಡಲ್‌ಗೆ ಏರಿಸುವ ರೆಕ್ಸಿನ್ ಗವುಸಿನದೂ ಇದೇ ಉಪಾಯ.

ತೇವದ ಬಗ್ಗೆ ಜನ ಅಷ್ಟಾಗಿ ಯೋಚಿಸುವುದಿಲ್ಲ. ನೀರು ಗಾಳಿಗಿಂತ ಸುಮಾರು 24 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹೋಗುವಾಗ ಕೈ ಬೆವರಿ ಒಳಪದರ ಒದ್ದೆಯಾದರೆ ಹಿಂತಿರುಗುವಾಗ ಅದೇ ಕೈಗವಸು ಕೈಕೊಡುತ್ತದೆ. ದೂರ ಹೋಗುವವರು ಒಳಗೆ ತೆಳುವಾದ ವೈದ್ಯಕೀಯ ಗ್ಲೌಸ್ ಹಾಕಿ ಬೆವರು ಉಣ್ಣೆಗೆ ಇಳಿಯದಂತೆ ತಡೆಯುತ್ತಾರೆ. ಒಂದು ಜೊತೆ ಒಣ ಕೈಗವಸನ್ನು ಚೀಲದಲ್ಲಿಟ್ಟುಕೊಳ್ಳುವುದು ಇನ್ನೂ ಸರಳ.

ಇಷ್ಟೆಲ್ಲ ಮಾಡಿದರೂ ಹೈಪೊಥಲಾಮಸ್ ಒಪ್ಪದೆ ಕೈ ಬೆಚ್ಚಗಾಗದು. ಅದನ್ನು ಒಪ್ಪಿಸುವ ದಾರಿ ಎದೆಯಲ್ಲಿದೆ. ಕೆನಡಾದ ರಕ್ಷಣಾ ಸಂಶೋಧಕರು 1990ರ ದಶಕದಲ್ಲಿ ಕಡುಚಳಿಯಲ್ಲಿ ಕುಳಿತ ಸ್ವಯಂಸೇವಕರ ಮುಂಡಕ್ಕೆ ಮಾತ್ರ ಬಿಸಿ ಕೊಟ್ಟು ನೋಡಿದರು. ಬರಿಗೈಯ ಬೆರಳುಗಳು ಸಹ ಬೆಚ್ಚಗೆ ಉಳಿದವು. ಅಂದರೆ ಎದೆಗೆ ಗಾಳಿ ಹಾಯದ ಒಂದು ಪದರ, ಕತ್ತಿಗೆ ಮಫ್ಲರ್, ರಕ್ತನಾಳ ಚರ್ಮಕ್ಕೆ ತೀರ ಹತ್ತಿರವಿರುವ ಮಣಿಕಟ್ಟಿಗೆ ಉಣ್ಣೆಯ ಪಟ್ಟಿ ಹಾಕಿದರೆ ಅದು ಬೆರಳಿಗೇ ಹಾಕಿದಂತೆ. ಮನೆಯೊಳಗೇ ನಾಲ್ಕು ಬಾರಿ ಮೆಟ್ಟಿಲು ಹತ್ತಿಳಿದು, ಕೈ ಬಿಸಿಯಿರುವಾಗಲೇ ಬೆಚ್ಚನೆಯ ಕೈಗವಸು ತೊಟ್ಟು ಹೊರಬೀಳಬೇಕು. ಬ್ಯಾಟರಿ ಸೈಕಲ್ಲಿನವರಿಗೆ ಇದು ಇನ್ನೂ ಮುಖ್ಯ: ವೇಗ ಮೋಟರಿನಿಂದ ಬರುತ್ತದೆ, ಗಾಳಿ ಹೆಚ್ಚುತ್ತದೆ, ಕಾಲಿನಿಂದ ಹುಟ್ಟುವ ಶಾಖ ಮಾತ್ರ ಕಡಿಮೆ. ಮೊದಲ ಹತ್ತು ನಿಮಿಷ ಮೋಟರಿನ ನೆರವು ತಗ್ಗಿಸಿ ತುಳಿಯುವುದು ಒಳ್ಳೆಯದು. ಕಬ್ಬಿಣದ ಪುಡಿ ತುಕ್ಕು ಹಿಡಿಯುವಾಗ ಬಿಸಿ ಬಿಡುವ ಪೊಟ್ಟಣಗಳು ಅಂಗಡಿಯಲ್ಲಿ ಸಿಗುತ್ತವೆ. ಅವಕ್ಕೆ ಆಮ್ಲಜನಕ ಬೇಕು, ಬಿಗಿ ಕೈಗವಸಿಗಿಂತ ಪೋಗಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ.

ನೋವು ನಿಂತುಹೋದರೆ ಸಮಾಧಾನಪಡಬಾರದು. ಬೆರಳಿನ ಚರ್ಮ 15 ಡಿಗ್ರಿಗೆ ಇಳಿದಾಗ ಕೈಚಳಕ ಕುಂದುತ್ತದೆ, 8 ಡಿಗ್ರಿಯ ಹತ್ತಿರ ಸ್ಪರ್ಶವೇ ತಿಳಿಯದಂತಾಗುತ್ತದೆ. ಬ್ರೇಕ್ ಎಷ್ಟು ಒತ್ತಿದೆವೆಂಬುದೂ ಆಗ ಗೊತ್ತಾಗದು. ಶೂನ್ಯಕ್ಕೆ ಅರ್ಧ ಡಿಗ್ರಿ ಕೆಳಗೆ ಚರ್ಮ ಹೆಪ್ಪುಗಟ್ಟತೊಡಗುತ್ತದೆ. ಬೆರಳು ಬಿಳಿಚಿ ಮೇಣದಂತೆ ಕಂಡರೆ ಉಜ್ಜಬಾರದು, ಬೆಂಕಿಗೆ ಹಿಡಿಯಲೂಬಾರದು. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಬರೀ ಜೋಮು ಹಿಡಿದಿದ್ದರೆ ಕಂಕುಳಲ್ಲಿ ಇಟ್ಟುಕೊಂಡರೆ ಸಾಕು. ನಿಜಕ್ಕೂ ಹೆಪ್ಪುಗಟ್ಟಿದ್ದರೆ 37ರಿಂದ 39 ಡಿಗ್ರಿಯ ನೀರಿನಲ್ಲಿ ಮುಳುಗಿಸಿ ವೈದ್ಯರಲ್ಲಿಗೆ ಹೋಗಬೇಕು. ಆದರೆ ದಾರಿಯಲ್ಲಿ ಅದು ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸುವ ಪ್ರಯತ್ನಕ್ಕೇ ಕೈಹಾಕದೆ, ಒಣಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಕೊಂಡು ನೇರ ಆಸ್ಪತ್ರೆ ಸೇರುವುದೇ ಸರಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಆಗುವ ಹಾನಿ ಮೊದಲಿನದಕ್ಕಿಂತ ಬಹಳ ದೊಡ್ಡದು.